ಪೆಟ್ರೋಲ್ ದರ ಏರಿದ ಮೇಲೆ ನೀವು ಮೊದಲು ಕತ್ತರಿ ಹಾಕಿದ್ದು ಯಾವ ಖರ್ಚಿಗೆ?

ದೂರದಾರಿ

ದರ ಏರಿದಾಗಲೆಲ್ಲ ಕಿವಿಗೆ ಬೀಳೋದು ಒಂದೇ ಉಪದೇಶ: "ಗಾಡಿ ಕಡಿಮೆ ಓಡಿಸಿ". ಹೇಗೆ ಅಂತ ಮಾತ್ರ ಯಾರೂ ಹೇಳಲ್ಲ. ಆಫೀಸು ಇದ್ದಲ್ಲೇ ಇದೆ, ಮನೆ ಇದ್ದಲ್ಲೇ ಇದೆ, ಮಗಳ ಶಾಲೆ ಇವೆರಡಕ್ಕೂ ಸಂಬಂಧ ಇಲ್ಲದ ಮೂರನೇ ದಿಕ್ಕಲ್ಲಿದೆ. ಆಫೀಸಿನ ಪಕ್ಕ ಮನೆ ಮಾಡಿ ಅಂತಾರೆ. ಅಲ್ಲಿನ ಬಾಡಿಗೆ ಕೊಡೋಕಾಗದೆ ತಾನೇ ನಾವು ಇಷ್ಟು ದೂರ ಬಂದಿದ್ದು!

ನಾನು ಓಡಿಸೋ ಕಿಲೋಮೀಟರ್ ಕಡಿಮೆ ಆಗೇ ಇಲ್ಲ. ಕಡಿಮೆ ಆಗಿರೋದು ಬೇರೆ. ಕಾರಿನ ಸರ್ವಿಸ್ ಮುಂದಕ್ಕೆ ಹೋಗಿದೆ. ಹೊಸ ಟೈರ್ ವಿಷಯ ಬಂದಾಗಲೆಲ್ಲ "ಇನ್ನೊಂದು ತಿಂಗಳು ನೋಡೋಣ" ಅಂತೀವಿ. ಭಾನುವಾರ ಅಮ್ಮನ ಮನೆಗೆ ಹೋಗ್ತಿದ್ದದ್ದು ಈಗ ಫೋನಲ್ಲೇ ಮುಗಿಯುತ್ತೆ. ನನ್ನ ಅನುಮಾನ ಇಷ್ಟೇ: ದರ ಏರಿದ್ರೆ ಬಹುಪಾಲು ಜನ ಪೆಟ್ರೋಲ್ ಉಳಿಸಲ್ಲ, ಪೆಟ್ರೋಲ್ ಹಾಕಿಸೋಕೆ ಇನ್ನೇನನ್ನೋ ಉಳಿಸ್ತಾರೆ.

ನಿಮ್ಮ ಮನೇಲಿ ಆ "ಇನ್ನೇನೋ" ಯಾವುದು? ನಿಜವಾದ್ದನ್ನೇ ಬರೀರಿ. ಸೈಕಲ್ ತುಳೀರಿ ಅನ್ನೋರು ದಯವಿಟ್ಟು ಬೇರೆ ಚರ್ಚೆ ಶುರು ಮಾಡ್ಕೊಳ್ಳಿ.

ಡಬಲ್‌ಡ್ಯೂಟಿ

ಊಟ ತಲುಪಿಸೋ ಕೆಲಸ ಅಕ್ಕ. ಬೈಕೂ ನಂದೇ, ಪೆಟ್ರೋಲೂ ನಂದೇ. ಕಂಪನಿ ದುಡ್ಡು ಕೊಡೋದು ಹೋಟೆಲಿಂದ ಗಿರಾಕಿ ಮನೆವರೆಗಿನ ದೂರಕ್ಕೆ. ನಾನು ನಿಂತಿರೋ ಜಾಗದಿಂದ ಹೋಟೆಲಿಗೆ ಹೋಗೋದು, ಕೊಟ್ಟಾದ ಮೇಲೆ ವಾಪಸ್ ಬರೋದು, ಒನ್‌ವೇ ಸುತ್ತೋದು, ಗೇಟ್ ನಂಬರ್ ತಪ್ಪು ಹೇಳಿದೋರ ಹಿಂದೆ ಅಲೆಯೋದು ಎಲ್ಲ ನನ್ನ ಜೇಬಿಂದ.

ದರ ಏರಿದ್ರೆ ಆರ್ಡರಿನ ರೇಟ್ ಏರಲ್ಲ. ನಾನು ಕತ್ತರಿ ಹಾಕಿದ್ದು ನಿದ್ದೆಗೆ. ಮನೆಗೆ ಕೊಡೋ ದುಡ್ಡು ಮೊದಲಿನಷ್ಟೇ ಇರಬೇಕಲ್ಲ, ಅದಕ್ಕೆ ರಾತ್ರಿ ಜಾಸ್ತಿ ಹೊತ್ತು ಓಡಿಸ್ತೀನಿ. ಜಾಸ್ತಿ ಓಡಿಸಿದ್ರೆ ಜಾಸ್ತಿ ಪೆಟ್ರೋಲ್. ಎಂಥಾ ತಮಾಷೆ ನೋಡಿ.

ಲೆಕ್ಕದಬುಕ್ಕು

ದೂರದಾರಿ ಮೇಡಂ, ನಿಮ್ಮ ಅನುಮಾನಕ್ಕೆ ಪುರಾವೆ ಇದೆ. ಅಮೆರಿಕದ ಅಂಕಿಅಂಶ ಇಟ್ಟುಕೊಂಡು ಹ್ಯೂಸ್, ನಿಟೆಲ್, ಸ್ಪರ್ಲಿಂಗ್ ಎಂಬ ಮೂವರು ಮಾಡಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಗಿತ್ತು. 1975ರಿಂದ 1980ರ ನಡುವೆ ಪೆಟ್ರೋಲ್ ದರ ನೂರಕ್ಕೆ 10ರಷ್ಟು ಏರಿದರೆ ಬಳಕೆ ಅಲ್ಪಾವಧಿಯಲ್ಲಿ ನೂರಕ್ಕೆ 2ರಿಂದ 3ರಷ್ಟು ಇಳಿಯುತ್ತಿತ್ತು. 2001ರಿಂದ 2006ರ ನಡುವೆ ಅಷ್ಟೇ ಏರಿಕೆಗೆ ಬಳಕೆ ಇಳಿದದ್ದು ನೂರಕ್ಕೆ 1ಕ್ಕಿಂತ ಕಡಿಮೆ. ಅಲ್ಲಿನ ಇಂಧನ ಮಾಹಿತಿ ಆಡಳಿತ ಸಂಸ್ಥೆ 2014ರಲ್ಲಿ ಇದನ್ನೇ ತಿರುಗಿಸಿ ಹೇಳಿತ್ತು: ಜನರ ಕಾರು ಓಡಾಟ ನೂರಕ್ಕೆ ಒಂದರಷ್ಟು ಹೆಚ್ಚಬೇಕಾದರೆ ಪೆಟ್ರೋಲ್ ದರ ಕಾಲು ಭಾಗದಿಂದ ಅರ್ಧದಷ್ಟು ಕುಸಿಯಬೇಕು.

ಅಂದರೆ ದರ ಯಾವ ಕಡೆ ಹೋದರೂ ಗಾಡಿ ಹೆಚ್ಚುಕಡಿಮೆ ಅಷ್ಟೇ ಓಡುತ್ತದೆ. ಮೋಜಿಗೆ ಸುತ್ತುವುದನ್ನು ನಿಲ್ಲಿಸಬಹುದು. ಆದರೆ ಊರುಗಳು ಹರಡಿ, ಮನೆಗೂ ಕೆಲಸಕ್ಕೂ ನಡುವಿನ ದೂರ ಬೆಳೆದ ಮೇಲೆ ಮೋಜಿನ ಓಡಾಟ ಉಳಿದಿರುವುದೇ ಎಷ್ಟು?

ಇದು ಅಲ್ಪಾವಧಿಯ ಲೆಕ್ಕ. ವರ್ಷಗಟ್ಟಲೆ ದರ ಮೇಲೇ ನಿಂತರೆ ಜನ ಬದಲಾಗುತ್ತಾರೆ. ಮುಂದಿನ ಗಾಡಿ ಚಿಕ್ಕದು ಕೊಳ್ಳುತ್ತಾರೆ, ಮುಂದಿನ ಮನೆ ಹತ್ತಿರ ಹುಡುಕುತ್ತಾರೆ. ಅಲ್ಲಿಯವರೆಗಿನ ಸಂಕಟವೇ ಈ ಚರ್ಚೆಯ ವಿಷಯ ಅಂದುಕೊಳ್ಳುತ್ತೇನೆ.

ಸುಮ್ನೆಕೇಳ್ದೆ

ಇಷ್ಟೆಲ್ಲ ಗೋಳಾಡ್ತೀರಿ, ಸಿಗ್ನಲಲ್ಲಿ ನಿಂತು ನೋಡಿದ್ರೆ ಎಂಟು ಜನ ಕೂರೋ ಕಾರಲ್ಲಿ ಒಬ್ಬೊಬ್ಬರೇ. ಇನ್ನೂ ಏರಲಿ ಬಿಡಿ, ಆಗಲಾದ್ರೂ ರಸ್ತೆ ಖಾಲಿ ಆಗುತ್ತೆ.

ಮೀಟರ್‌ಹಾಕಿ

ಏನ್ರೀ ನೀವು, ದೊಡ್ಡ ಕಾರಿನ್ಯಾಂವಗ ಬಿಸಿ ತಟ್ಟತದೇನ್ರಿ? ಅಂವ ಬಂಕಿಗೆ ಬಂದು "ಫುಲ್ ಮಾಡು" ಅಂತಾನ, ಮೀಟರ್ ಕಡೆ ತಿರುಗಿ ಸೈತ ನೋಡಂಗಿಲ್ಲ. ಬಿಸಿ ತಟ್ಟೂದು ನನ್ನಂಥಾವಗ.

ನಾ ಟ್ಯಾಕ್ಸಿ ಓಡಸ್ತೀನಿ. ನನ್ನ ಹೊಟ್ಟಿ ಮ್ಯಾಲೆ ಹೊಡೆಯೂದು ಖಾಲಿ ಓಡಾಟ. ಒಬ್ಬರನ್ನ ಊರ ಹೊರಗ ಬಿಟ್ಟು ಬರಬೇಕಾದ್ರ ವಾಪಸ್ ಬರೂಮುಂದ ಒಂದ್ ನರಪಿಳ್ಳಿ ಹತ್ತಂಗಿಲ್ಲ. ದರ ಕಡಿಮಿ ಇದ್ದಾಗ ಅದನ್ನ ತಡಕೋಬಹುದಿತ್ತು. ಈಗ ದೂರದ ಟ್ರಿಪ್ ಬಂದ್ರ ಮೊದಲು ನೋಡೂದು ವಾಪಸ್ ಗಿರಾಕಿ ಸಿಗತದೋ ಇಲ್ಲೋ ಅಂತ. ಸಿಗಂಗಿಲ್ಲ ಅನಿಸಿದ್ರ ಟ್ರಿಪ್ ಬ್ಯಾಡ ಅಂತೀನಿ. ಆವಾಗ ಗಿರಾಕಿ ಬೈತಾನ, "ಇವಗ ಸೊಕ್ಕು" ಅಂತಾನ. ಸೊಕ್ಕಲ್ರೀ, ಲೆಕ್ಕ ಅದು.

ಇನ್ನೊಂದು ಅದ. ಗಿರಾಕಿ ಕಾಯೋ ಹೊತ್ತಿನ್ಯಾಗ ಮೊದಲು ಎ.ಸಿ. ಹಾಕ್ಕೊಂಡು ಕೂಡ್ತಿದ್ದೆ. ಕಾರು ನಿಂತಲ್ಲೇ ಎಂಜಿನ್ ಆನ್ ಇದ್ರ ತಾಸಿಗೆ ಒಂದರಿಂದ ಎರಡು ಲೀಟರ್ ಹೋಗತದ, ಎಂಜಿನ್ ಎಷ್ಟು ದೊಡ್ಡದು, ಎ.ಸಿ. ಎಷ್ಟು ಹಾಕೀರಿ ಅನ್ನೂದರ ಮ್ಯಾಲೆ. ಈಗ ಎಂಜಿನ್ ಬಂದ್ ಮಾಡಿ, ಗಿಡದ ನೆಳ್ಳಾಗ ನಿಲ್ಲಿಸಿ, ಬಾಗಿಲಾ ತಗದು ಕೂಡ್ತೀನಿ. ಹತ್ತಿದ ಗಿರಾಕಿ "ಎ.ಸಿ. ತಣ್ಣಗ ಇಲ್ಲ" ಅಂತ ಸ್ಟಾರ್ ಕಡಿಮಿ ಕೊಡ್ತಾನ.

ನೀವು ಕೇಳಿದ್ರಲ್ಲ ಅಕ್ಕಾರ, ನನ್ನ ಕತ್ತರಿ ಬಿದ್ದಿದ್ದು ಇನ್ಶೂರೆನ್ಸಿಗೆ. ಪೂರ್ತಿ ಇದ್ದದ್ದು ಈಗ ಕಾನೂನಿಗೆ ಬೇಕಾದಷ್ಟ ಅದ.

ಹಳೇಗಾಡಿ

ಇನ್ಶೂರೆನ್ಸ್ ವಿಷಯ ಓದಿ ಎದೆ ಝಲ್ ಅಂತು ಅಣ್ಣ. ಗಾಡಿಯೇ ಅನ್ನ ಕೊಡೋ ನಿಮ್ಮಂಥೋರಿಗೇ ಪೂರ್ತಿ ಇನ್ಶೂರೆನ್ಸ್ ಬೇಕಾಗಿರೋದು.

ನಾನು ಗ್ಯಾರೇಜಿನವನು. ದರ ಏರಿರೋದು ನನಗೆ ಸುದ್ದಿ ಓದದೇ ಗೊತ್ತಾಗುತ್ತೆ. ಸರ್ವಿಸಿಗೆ ಬರೋರು ಕಡಿಮೆ ಆಗ್ತಾರೆ, ಕೆಟ್ಟು ನಿಂತ ಮೇಲೆ ಎಳೆಸಿಕೊಂಡು ಬರೋರು ಜಾಸ್ತಿ ಆಗ್ತಾರೆ. ಮೊನ್ನೆ ಬಂದ ಒಂದು ಕಾರಿನ ಮುಂದಿನ ಚಕ್ರ ಬಿಚ್ಚಿದೆ. ಬ್ರೇಕ್ ಪ್ಯಾಡಲ್ಲಿ ಉಜ್ಜೋ ಭಾಗ ಒಂದು ಚೂರೂ ಉಳಿದಿಲ್ಲ, ಹಿಂದಿನ ಕಬ್ಬಿಣದ ತಗಡೇ ಡಿಸ್ಕಿಗೆ ಉಜ್ಜಿದೆ. ಡಿಸ್ಕ್ ಮೇಲೆ ಬೆರಳಾಡಿಸಿದ್ರೆ ಉಗುರು ಸಿಕ್ಕಿಕೊಳ್ಳೋ ಅಷ್ಟು ಆಳದ ಗೆರೆ. ಪ್ಯಾಡ್ ಒಂದನ್ನೇ ಹಾಕಿದ್ರೆ ಮುಗೀತಿತ್ತು, ಈಗ ಎರಡು ಡಿಸ್ಕೂ ಹೊಸದು. "ಕಿರ್ ಅಂತ ಸದ್ದು ಬರ್ತಿರಲಿಲ್ವಾ?" ಅಂತ ಕೇಳಿದೆ. "ಬರ್ತಿತ್ತು, ಹಾಡು ಜೋರಾಗಿ ಹಾಕ್ಕೊಳ್ತಿದ್ದೆ" ಅಂದ್ರು.

ದೂರದಾರಿ ಅಕ್ಕ, ನಿಮ್ಮ ಪಟ್ಟಿಯಲ್ಲಿ ಎರಡು ಐಟಂ ನೀವು ಉಳಿಸಬೇಕು ಅಂದ್ಕೊಂಡಿರೋ ಪೆಟ್ರೋಲನ್ನೇ ತಿನ್ನುತ್ವೆ. ಬಿಡಿಸಿ ಹೇಳ್ತೀನಿ.

ಗಾಳಿ ಕಡಿಮೆ ಇರೋ ಟೈರು ಉರುಳೋಕೆ ಜಾಸ್ತಿ ಬಲ ಕೇಳುತ್ತೆ. ನಾಲ್ಕೂ ಟೈರಲ್ಲಿ ಪ್ರತಿ ಒಂದು ಪಿ.ಎಸ್.ಐ. (ಗಾಳಿ ಒತ್ತಡದ ಅಳತೆ) ಗಾಳಿ ಇಳಿದ್ರೆ ಮೈಲೇಜ್ ಸುಮಾರು ನೂರಕ್ಕೆ 0.2ರಷ್ಟು ಬೀಳುತ್ತೆ. ಅಷ್ಟೇನಾ ಅನ್ನಬೇಡಿ. ಹತ್ತು ಪಿ.ಎಸ್.ಐ. ಇಳಿದ ಗಾಡಿ ದಿನಾ ಬರ್ತಾವೆ, ಆಗ ನೂರಕ್ಕೆ ಎರಡು. ಅದರ ಜೊತೆ ಟೈರಿನ ಎರಡು ಅಂಚೂ ಬೇಗ ಸವೆಯುತ್ತೆ.

ಇನ್ನೊಂದು, ಯಾರೂ ನೋಡದೇ ಇರೋದು. ಬ್ರೇಕ್ ಹಿಡ್ಕೊಂಡಿರೋದು. ಪ್ಯಾಡನ್ನ ಡಿಸ್ಕಿಗೆ ಒತ್ತೋ ಕ್ಯಾಲಿಪರ್ ಪಿಸ್ಟನ್ ತುಕ್ಕು ಹಿಡಿದು ಪೂರ್ತಿ ಹಿಂದಕ್ಕೆ ಹೋಗದಿದ್ರೆ ಪ್ಯಾಡು ಸದಾ ಡಿಸ್ಕಿಗೆ ಒರೆಸ್ತಾನೇ ಇರುತ್ತೆ. ಕಾಲು ತೆಗೆದ್ರೂ ಬ್ರೇಕ್ ಹಾಕ್ಕೊಂಡೇ ಗಾಡಿ ಓಡುತ್ತೆ. ಸಮತಟ್ಟು ರಸ್ತೇಲಿ ಆಕ್ಸಿಲರೇಟರ್ ಬಿಟ್ಟಾಗ ಗಾಡಿ ಮೊದಲಿನಷ್ಟು ದೂರ ಉರುಳಲ್ಲ, ಒಂದು ಚಕ್ರದ ರಿಮ್ ಹತ್ರ ಮಾತ್ರ ಬಿಸಿ ಗಾಳಿ ಹೊಡೆಯುತ್ತೆ, ಸುಟ್ಟ ವಾಸನೆ ಬರುತ್ತೆ. ಇಷ್ಟು ಗೊತ್ತಾದ್ರೆ ಸಾಕು, ಉಳಿದಿದ್ದು ಜ್ಯಾಕ್ ಹಾಕಿ ಚಕ್ರ ತಿರುಗಿಸಿ ನಾವು ನೋಡ್ತೀವಿ. ಡಿಸ್ಕಿಗೆ ಕೈ ಇಡೋಕೆ ಹೋಗಬೇಡಿ, ಸುಡುತ್ತೆ.

ಮುಂದಕ್ಕೆ ಹಾಕಲೇಬೇಕು ಅಂದ್ರೆ ಪಾಲಿಶು, ಸೀಟು ತೊಳೆಸೋದು, ಪರ್‌ಫ್ಯೂಮು ಹಾಕಿ. ಆಯಿಲ್, ಬ್ರೇಕ್, ಟೈರ್ ಮೂರನ್ನ ಮುಟ್ಟಬೇಡಿ.

ದೂರದಾರಿ

ಇದನ್ನ ಮನೆಯವರಿಗೆ ಓದಿ ಹೇಳಿದೆ. ನಮ್ಮ ಕಾರಲ್ಲೂ "ಕಿರ್" ಇದೆ ಅಂದ್ರು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದ್ರೆ "ನೀನು ಖರ್ಚು ಅಂತೀಯ ಅಂತ". ಶನಿವಾರ ಗ್ಯಾರೇಜಿಗೆ.

ಏರ್ ಫಿಲ್ಟರ್ ಬಗ್ಗೆ ಹೇಳಲೇ ಇಲ್ಲ ನೀವು? ಅದು ಗಲೀಜಾದ್ರೆ ಮೈಲೇಜ್ ಬಿದ್ದೇ ಹೋಗುತ್ತೆ ಅಂತಾರಲ್ಲ.

ಹಳೇಗಾಡಿ

ಕಾರ್ಬ್ಯುರೇಟರ್ (ಹಳೇ ಎಂಜಿನ್ನಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸೋ ಭಾಗ) ಕಾಲದ ಮಾತು ಅದು. ಆಗ ನಿಜಾನೇ. ಈಗಿನ ಫ್ಯುಯೆಲ್ ಇಂಜೆಕ್ಷನ್ ಕಾರಲ್ಲಿ ಎಷ್ಟು ಗಾಳಿ ಒಳಗೆ ಹೋಗ್ತಿದೆ ಅಂತ ಸೆನ್ಸರ್ ಅಳೆದು, ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಬಿಡುತ್ತೆ. ಫಿಲ್ಟರ್ ಕಟ್ಟಿಕೊಂಡ್ರೆ ಎಳೆತ ಕಡಿಮೆ ಆಗುತ್ತೆ, ಓವರ್‌ಟೇಕ್ ಮಾಡುವಾಗ ಮಂಕು ಅನ್ಸುತ್ತೆ, ಮೈಲೇಜ್ ಹೆಚ್ಚುಕಡಿಮೆ ಅಷ್ಟೇ ಇರುತ್ತೆ. ಬದಲಾಯಿಸಬೇಡಿ ಅಂತಲ್ಲ, ಮೈಲೇಜಿನ ಆಸೆಗೆ ಬದಲಾಯಿಸೋದಾದ್ರೆ ಆ ದುಡ್ಡು ಟೈರಿಗೆ ಇಡಿ.

ಸುಮ್ನೆಕೇಳ್ದೆ

ಒಂದು ಪ್ರಶ್ನೆಗೆ ಯಾರಾದ್ರೂ ಉತ್ತರ ಕೊಡ್ತೀರಾ? ಕಚ್ಚಾ ತೈಲ ಏರಿದ ವಾರವೇ ಬಂಕಲ್ಲಿ ಏರುತ್ತೆ. ಇಳಿದಾಗ ಮಾತ್ರ "ಹಳೇ ಸ್ಟಾಕು" ಅಂತಾರೆ. ಏರುವಾಗ ಹಳೇ ಸ್ಟಾಕ್ ಎಲ್ಲಿ ಹೋಗಿರುತ್ತೆ?

ಕಪ್ಪುಎಣ್ಣೆ

ನಾನು ಬಹಳ ಕಾಲ ರಿಫೈನರಿಯಲ್ಲಿ ಕೆಲಸ ಮಾಡಿದವನು. ಈ ಪ್ರಶ್ನೆ ಚೆನ್ನಾಗಿದೆ, ಹೊಸದಂತೂ ಅಲ್ಲ. ರಾಬರ್ಟ್ ಬೇಕನ್ ಎಂಬ ಅರ್ಥಶಾಸ್ತ್ರಜ್ಞ 1991ರಲ್ಲಿ ಬ್ರಿಟನ್ನಿನ ಪೆಟ್ರೋಲ್ ದರವನ್ನು ಹಿಡಿದು ಇದನ್ನೇ ಬರೆದರು: ಏರುವಾಗ ರಾಕೆಟ್, ಇಳಿಯುವಾಗ ಗರಿ. ಆಮೇಲೆ ಹಲವು ದೇಶಗಳ ಮಾರುಕಟ್ಟೆಯಲ್ಲಿ ಇದೇ ಚಾಳಿ ಕಂಡಿದೆ.

ಕಾರಣಗಳಲ್ಲಿ ನನಗೆ ಸರಿ ಕಾಣುವುದು ಎರಡು. ಒಂದು, ಬಂಕಿನವನು ಇಂದಿನ ದರ ಇಡುವಾಗ ನೆಲದಡಿಯ ಟ್ಯಾಂಕಿನಲ್ಲಿ ಇರುವ ಮಾಲಿನ ಬೆಲೆಗಿಂತ ನಾಳೆ ತರಿಸಬೇಕಾದ ಟ್ಯಾಂಕರಿನ ಬೆಲೆಯನ್ನು ನೋಡುತ್ತಾನೆ. ಏರುವ ಕಾಲದಲ್ಲಿ ಹಳೇ ದರಕ್ಕೆ ಮಾರಿದರೆ ಮುಂದಿನ ಲೋಡಿಗೆ ದುಡ್ಡು ಸಾಲುವುದಿಲ್ಲ. ಇನ್ನೊಂದು ಕಾರಣ ನಾವೇ. ದರ ಏರಿದಾಗ ನಾಲ್ಕು ಬಂಕ್ ವಿಚಾರಿಸುವ ನಾವು ಒಂದಿಷ್ಟು ಇಳಿದ ಕೂಡಲೇ ಖುಷಿಯಿಂದ ಸಿಕ್ಕ ಬಂಕಿಗೆ ನುಗ್ಗುತ್ತೇವೆ. ವಿಚಾರಿಸುವವರೇ ಇಲ್ಲದಾಗ ಬೇಗ ಇಳಿಸುವ ಅವಸರ ಯಾರಿಗಿರುತ್ತದೆ? ಸರ್ಕಾರವೇ ದರ ನಿಗದಿ ಮಾಡುವ ಕಡೆ ಕಥೆ ಬೇರೆ. ಅಲ್ಲಿ ಇಳಿಸಬೇಕಾದವರು ಬಂಕಿನವರಲ್ಲ.

ಬ್ಯಾರೆಲ್ ವಿಷಯದಲ್ಲೂ ಒಂದು ತಪ್ಪು ಲೆಕ್ಕ ಎಲ್ಲೆಡೆ ಓಡಾಡುತ್ತದೆ. ಒಂದು ಬ್ಯಾರೆಲ್ ಅಂದರೆ 159 ಲೀಟರ್, ಬ್ಯಾರೆಲಿನ ಬೆಲೆಯನ್ನು 159ರಿಂದ ಭಾಗಿಸಿ "ಪೆಟ್ರೋಲ್ ಅಸಲು ಇಷ್ಟೇ" ಅನ್ನುತ್ತಾರೆ. ಬ್ಯಾರೆಲ್ ಪೂರ್ತಿ ಪೆಟ್ರೋಲ್ ಆಗುವುದಿಲ್ಲ. ಅಮೆರಿಕದ ರಿಫೈನರಿಗಳು ಪೆಟ್ರೋಲನ್ನೇ ಹೆಚ್ಚು ತೆಗೆಯುವಂತೆ ಕಟ್ಟಿದವು, ಅಲ್ಲೂ ಸಿಗುವುದು ಅರ್ಧಕ್ಕಿಂತ ಸ್ವಲ್ಪ ಕಡಿಮೆ, 75 ಲೀಟರಿನ ಆಸುಪಾಸು. ಉಳಿದದ್ದು ಡೀಸೆಲ್, ವಿಮಾನದ ಇಂಧನ, ಅನಿಲ, ಡಾಂಬರು ಇತ್ಯಾದಿ. ಅದಕ್ಕೇ ಕಚ್ಚಾ ತೈಲ ತಣ್ಣಗಿದ್ದರೂ ರಿಫೈನರಿಗಳು ನಿಂತರೆ ಪೆಟ್ರೋಲ್ ಏರುತ್ತದೆ. 2005ರಲ್ಲಿ ಕತ್ರೀನಾ ಚಂಡಮಾರುತ ಮೆಕ್ಸಿಕೊ ಕೊಲ್ಲಿಯ ದಡದ ರಿಫೈನರಿಗಳನ್ನು ನಿಲ್ಲಿಸಿದಾಗ ಆದದ್ದು ಅದೇ.

ಸುಮ್ನೆಕೇಳ್ದೆ

ಸರಿ ಸರ್. ಹಾಗಾದ್ರೆ 2020ರಲ್ಲಿ ಕಚ್ಚಾ ತೈಲ ಸೊನ್ನೆಗಿಂತ ಕೆಳಗೆ ಹೋಯ್ತಲ್ಲ, ಆಗ ಬಂಕಿನವರು ನಮಗೇ ದುಡ್ಡು ಕೊಟ್ಟು ತುಂಬಿಸಬೇಕಿತ್ತು?

ಕಪ್ಪುಎಣ್ಣೆ

2020ರ ಏಪ್ರಿಲ್ 20ರಂದು ಮುಕ್ತಾಯದ ದರ ಬ್ಯಾರೆಲಿಗೆ ಮೈನಸ್ 37.63 ಡಾಲರ್. ಆದರೆ ಅದು ಅಮೆರಿಕದ ಒಂದು ಬಗೆಯ ತೈಲದ, ಮೇ ತಿಂಗಳಲ್ಲಿ ಎಣ್ಣೆ ಪಡೆಯುವ ಮುಂಗಡ ಒಪ್ಪಂದದ ದರ. ಆ ಒಪ್ಪಂದ ಕೈಯಲ್ಲಿ ಉಳಿದವರು ಓಕ್ಲಹೋಮಾದ ಕುಶಿಂಗ್ ಎಂಬಲ್ಲಿ ನಿಜವಾದ ಎಣ್ಣೆಯನ್ನು ಪಡೆದುಕೊಳ್ಳಬೇಕಿತ್ತು. ಕೋವಿಡ್ ಲಾಕ್‌ಡೌನಿನಿಂದ ಬಳಕೆ ನಿಂತು, ಅಲ್ಲಿನ ಟ್ಯಾಂಕುಗಳಲ್ಲಿ ಬಾಡಿಗೆಗೆ ಜಾಗವೇ ಉಳಿದಿರಲಿಲ್ಲ. ಇಡಲು ಜಾಗವಿಲ್ಲದವರು ದುಡ್ಡು ಕೊಟ್ಟು ಕೈ ತೊಳೆದುಕೊಂಡರು. ಜಗತ್ತಿನ ಬಹುಪಾಲು ವ್ಯಾಪಾರಕ್ಕೆ ಅಳತೆಗೋಲಾಗಿರುವ ಬ್ರೆಂಟ್ ದರ ಆ ದಿನವೂ ಸೊನ್ನೆಗಿಂತ ಮೇಲೇ ಇತ್ತು.

ನೆನಪಿಡಬೇಕಾದ್ದು ಏರಿಳಿತದ ವೇಗ. 2008ರ ಜುಲೈನಲ್ಲಿ ಬ್ಯಾರೆಲ್ 147 ಡಾಲರ್ ಮುಟ್ಟಿತ್ತು, ಅದೇ ಡಿಸೆಂಬರಿನಲ್ಲಿ 40ಕ್ಕಿಂತ ಕೆಳಗಿತ್ತು. 147 ನೋಡಿ ಗಾಬರಿಯಿಂದ ಕಾರು ಮಾರಿದವರೂ ಇದ್ದಾರೆ.

ಲೆಕ್ಕದಬುಕ್ಕು

ತೆರಿಗೆಯನ್ನು ಯಾರೂ ಎತ್ತಲಿಲ್ಲವಲ್ಲ, ನಾನೇ ಎತ್ತುತ್ತೇನೆ. ಲೀಟರಿಗೆ ಇಷ್ಟು ಎಂದು ನಿಗದಿಯಾದ ತೆರಿಗೆ ಇದ್ದರೆ ಕಚ್ಚಾ ತೈಲ ಎಷ್ಟೇ ಇಳಿದರೂ ಆ ಭಾಗ ಕರಗುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ ಪೆಟ್ರೋಲಿಗೆ ಲೀಟರಿಗೆ ಕನಿಷ್ಠ 0.359 ಯೂರೊ ಅಬಕಾರಿ ಸುಂಕ ಹಾಕಲೇಬೇಕು, ಅದರ ಮೇಲೆ ಮೌಲ್ಯವರ್ಧಿತ ತೆರಿಗೆ. ಅಮೆರಿಕದ ಕೇಂದ್ರ ತೆರಿಗೆ ಗ್ಯಾಲನ್ನಿಗೆ (ಸುಮಾರು 3.8 ಲೀಟರ್) 18.4 ಸೆಂಟ್, 1993ರಿಂದ ಅಲ್ಲೇ ನಿಂತಿದೆ. ಹಾಗಾಗಿ ಯೂರೋಪಿನ ಚಾಲಕ ಯಾವಾಗಲೂ ಹೆಚ್ಚು ಕೊಡುತ್ತಾನೆ, ದರದಲ್ಲಿ ತೆರಿಗೆಯ ಪಾಲು ಚಿಕ್ಕದಾದ್ದರಿಂದ ಅಮೆರಿಕದ ಚಾಲಕನಿಗೆ ಏರಿಳಿತದ ಪೆಟ್ಟು ಹೆಚ್ಚು ಬೀಳುತ್ತದೆ. 2022ರ ಜೂನ್‌ನಲ್ಲಿ ಅಲ್ಲಿನ ಸರಾಸರಿ ದರ ಗ್ಯಾಲನ್ನಿಗೆ 5 ಡಾಲರ್ ದಾಟಿದಾಗ ಆ ದೇಶ ಅಷ್ಟು ಗಲಿಬಿಲಿಗೊಂಡದ್ದು ಅದಕ್ಕೇ.

ತೆರಿಗೆ ಏರಿಸಿದರೆ ಓಡಾಟ ಕಡಿಮೆಯಾಗಿ ಪರಿಸರ ಉಳಿಯುತ್ತದೆ ಎಂಬ ವಾದ ಪುಸ್ತಕದಲ್ಲಿ ಸರಿ. ಆದರೆ ಫ್ರಾನ್ಸಿನಲ್ಲಿ 2018ರ ನವೆಂಬರ್ 17ರಂದು ಇಂಧನ ತೆರಿಗೆ ಏರಿಕೆಯನ್ನು ವಿರೋಧಿಸಿ ಹಳದಿ ಅಂಗಿ ತೊಟ್ಟವರು ರಸ್ತೆಗಿಳಿದರು. ಆ ಹೊಳೆಯುವ ಅಂಗಿ ಅಲ್ಲಿ ಪ್ರತಿ ಕಾರಿನಲ್ಲೂ ಇರಲೇಬೇಕಾದದ್ದು. ಬೇರೆ ಬಾವುಟ ಹುಡುಕುವ ಕೆಲಸವೇ ಬೀಳಲಿಲ್ಲ. ಬಂದವರಲ್ಲಿ ದೊಡ್ಡ ಪಾಲು ಪೇಟೆಯಾಚೆ ಇದ್ದು, ಬಸ್ಸು ಮೆಟ್ರೊ ಇಲ್ಲದೆ ಕಾರನ್ನೇ ನಂಬಿದ್ದವರು. 2019ರ ಜನವರಿಗೆ ಗೊತ್ತುಪಡಿಸಿದ್ದ ಇಂಧನ ತೆರಿಗೆ ಏರಿಕೆಯನ್ನು ಡಿಸೆಂಬರಿನಲ್ಲೇ ಕೈಬಿಟ್ಟರು. ದೂರದಾರಿ ಮೇಡಂ ಬರೆದ ಮೊದಲ ಪ್ಯಾರಾವನ್ನು ಫ್ರೆಂಚಿನಲ್ಲಿ ಬರೆದರೆ ಅವರ ಬೇಡಿಕೆ ಪತ್ರವೇ ಆಗುತ್ತಿತ್ತು.

ಬ್ಯಾಟರಿಭಟ್ಟ

ಎಂತ ಮಾರಾಯ್ರೆ, ಇಷ್ಟು ಉದ್ದ ಮಾತಾಡಿದ್ರಿ, ಕರೆಂಟ್ ಗಾಡಿ ಅಂತ ಒಬ್ಬರ ಬಾಯಲ್ಲೂ ಬರ್ಲಿಲ್ವಲ್ಲ! ಪೆಟ್ರೋಲ್ ಎಂಜಿನ್ನಿಗೆ ಹಾಕಿದ ಶಕ್ತಿಯಲ್ಲಿ ಚಕ್ರಕ್ಕೆ ಮುಟ್ಟುವುದು ಮೂರನೇ ಒಂದು ಪಾಲಿಗಿಂತ ಕಮ್ಮಿ, ಉಳಿದದ್ದೆಲ್ಲ ಬಿಸಿಯಾಗಿ ಗಾಳಿಗೆ. ಕರೆಂಟ್ ಗಾಡಿಯಲ್ಲಿ ಮುಕ್ಕಾಲಿಗಿಂತ ಜಾಸ್ತಿ ಚಕ್ರಕ್ಕೇ ಹೋಗ್ತದೆ. ಬ್ರೇಕ್ ಹಾಕಿದಾಗ ಒಂದಷ್ಟು ಬ್ಯಾಟರಿಗೆ ವಾಪಸ್ ಬೇರೆ. ನಾನು ತಗೊಂಡ ಮೇಲೆ ತೈಲದ ಹಡಗುಗಳು ಓಡಾಡುವ ಹೊರ್ಮುಜ್ ಜಲಸಂಧಿಯಲ್ಲಿ ಏನಾದ್ರೂ ನನಗೆ ಸುದ್ದಿ ಮಾತ್ರ.

ಡಬಲ್‌ಡ್ಯೂಟಿ

ಭಟ್ರೇ ಚಾರ್ಜ್ ಎಲ್ಲಿ ಹಾಕ್ತೀರಾ?

ಬ್ಯಾಟರಿಭಟ್ಟ

ಮನೆಯಲ್ಲೇ, ಕಾರ್ ಶೆಡ್ಡಿನಲ್ಲಿ.

ಡಬಲ್‌ಡ್ಯೂಟಿ

ಅದೇ ನೋಡಿ. ನನ್ನ ರೂಮು ಮೂರನೇ ಮಹಡಿ, ಬೈಕ್ ನಿಲ್ಲೋದು ರಸ್ತೆ ಪಕ್ಕ. ಓನರ್ ಗೇಟ್ ಒಳಗೆ ಬಿಡಲ್ಲ, ಇನ್ನು ಕರೆಂಟ್ ಪಾಯಿಂಟ್ ಕೊಡ್ತಾರಾ. ಹೊರಗೆ ಚಾರ್ಜಿಗೆ ಹಾಕಿ ಕಾದ್ರೆ ಅಷ್ಟೂ ಹೊತ್ತು ಆರ್ಡರ್ ಹೋಯ್ತು. ಬ್ಯಾಟರಿ ಬದಲಾಯಿಸಿಕೊಡೋ ಸ್ಟೇಷನ್ ಇರೋ ಕಡೆ ನಮ್ಮ ಹುಡುಗರು ಓಡಿಸ್ತಾರೆ, ಅವರಿಗೆ ನಿಜವಾಗ್ಲೂ ಲಾಭ ಇದೆ. ನನ್ನ ಏರಿಯಾದಲ್ಲಿ ಅದಿಲ್ಲ. ಮತ್ತೆ ಮುಂಗಡ ದುಡ್ಡು ಇರೋನು ಇಷ್ಟೊತ್ತಲ್ಲಿ ಆರ್ಡರ್ ಹಿಡ್ಕೊಂಡು ಯಾಕೆ ಸುತ್ತುತ್ತಾನೆ ಹೇಳಿ.

ಬ್ಯಾಟರಿಭಟ್ಟ

ಒಪ್ಪಿದೆ ಮಾರಾಯ. ಗಾಡಿ ಇಡ್ಲಿಕ್ಕೆ ಜಾಗ ಇದ್ದವನಿಗೆ ಸುಲಭ, ಇಲ್ಲದವನಿಗೆ ಕಷ್ಟ. ಆದ್ರೆ ಜಾಗ ಇದ್ದೂ ಹಿಂದೆ ಮುಂದೆ ನೋಡುವವರು ಇಲ್ಲಿ ಉಂಟಲ್ಲ, ನಾನು ಹೇಳಿದ್ದು ಅವರಿಗೆ.

ಲೆಕ್ಕದಬುಕ್ಕು

ಗಾಡಿ ಬದಲಿಸುವವರಿಗೆ ಒಂದು ಲೆಕ್ಕ. ಮನೆಯಲ್ಲಿ ಎರಡು ಗಾಡಿ ಇವೆ, ಎರಡೂ ಅಷ್ಟಷ್ಟೇ ಓಡುತ್ತವೆ. ಒಂದು ಲೀಟರಿಗೆ 10 ಕಿಲೋಮೀಟರ್ ಕೊಡುತ್ತದೆ, ಇನ್ನೊಂದು 20. ಹತ್ತರದ್ದನ್ನು ಮಾರಿ ಹದಿನೈದರದ್ದು ತರುವುದು ಲಾಭವೋ, ಇಪ್ಪತ್ತರದ್ದನ್ನು ಮಾರಿ ಮೂವತ್ತರದ್ದು ತರುವುದೋ? ಹತ್ತು ಕಿಲೋಮೀಟರ್ ಹೆಚ್ಚುತ್ತದೆ ಅಂತ ಎಲ್ಲರೂ ಎರಡನೆಯದನ್ನೇ ಹೇಳುತ್ತಾರೆ.

ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಅಂತ ತಿರುಗಿಸಿ ನೋಡಿ. 10ರಿಂದ 15ಕ್ಕೆ ಹೋದರೆ 10 ಲೀಟರ್ ಇದ್ದದ್ದು 6.7ಕ್ಕೆ ಬರುತ್ತದೆ, ಉಳಿತಾಯ 3.3 ಲೀಟರ್. 20ರಿಂದ 30ಕ್ಕೆ ಹೋದರೆ 5 ಇದ್ದದ್ದು 3.3, ಉಳಿತಾಯ 1.7 ಮಾತ್ರ. ಲಾರಿಕ್ ಮತ್ತು ಸಾಲ್ ಎಂಬಿಬ್ಬರು 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ಭ್ರಮೆಯ ಬಗ್ಗೆ ಬರೆದಿದ್ದರು. ಕುಡುಕ ಗಾಡಿಯನ್ನು ಮೊದಲು ಸಾಗಹಾಕಿ, ಮೈಲೇಜ್ ಗಾಡಿ ಇನ್ನೂ ಸ್ವಲ್ಪ ದಿನ ಇರಲಿ.

ಮೀಟರ್‌ಹಾಕಿ

ಈ ಲೆಕ್ಕ ಭಾಳ ಚಲೋ ಬಂತ್ರಿ. ನಮ್ಮ ಸ್ಟ್ಯಾಂಡಿನ ಹುಡುಗರಿಗೆ ಕಳಿಸೀನಿ.

ಈಗ ನಂದೊಂದು ಜಗಳಾ ಅದ, ಬಗಿಹರಿಸ್ರಿ. ನಮ್ಮ ಹಿರಿಯಾವ ಒಬ್ಬಾಂವ ಇಳಿಜಾರಿನ್ಯಾಗ ನ್ಯೂಟ್ರಲ್ ಮಾಡಿ ಬಿಡ್ತಾನ, "ಪೆಟ್ರೋಲ್ ಉಳೀತದ" ಅಂತಾನ. ನಸಕಿನ್ಯಾಗ ಹೋಗಿ ತುಂಬಸ್ತಾನ, ತಂಪಿನ್ಯಾಗ ಪೆಟ್ರೋಲ್ ದಪ್ಪ ಇರತದಂತ. ಮ್ಯಾಲೆ ಪ್ರೀಮಿಯಂ ಹಾಕಸ್ತಾನ. ಮೂರೂ ಖರೆ ಏನು?

ಕಪ್ಪುಎಣ್ಣೆ

ನಸುಕಿನದ್ದು ನನಗೆ ಬಿಡಿ. ಪೆಟ್ರೋಲ್ ಬಿಸಿಗೆ ಹಿಗ್ಗುವುದು ನಿಜ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಸಾವಿರದಲ್ಲಿ ಒಂದು ಭಾಗ. ಆದರೆ ಬಂಕಿನ ಟ್ಯಾಂಕು ನೆಲದಡಿ ಇರುತ್ತದೆ, ಹಗಲು ರಾತ್ರಿಗೆ ಅದರ ಉಷ್ಣಾಂಶ ಅಷ್ಟಾಗಿ ಕದಲುವುದಿಲ್ಲ. ಬೆಳಗ್ಗೆ ಬೇಗ ಎದ್ದ ಪುಣ್ಯ ಬರಬಹುದು, ಪೆಟ್ರೋಲ್ ಬರುವುದಿಲ್ಲ.

ಪ್ರೀಮಿಯಂನಲ್ಲಿ ಆಕ್ಟೇನ್ ಹೆಚ್ಚು. ಎಂಜಿನ್ನಿನಲ್ಲಿ ಹೊತ್ತಿಗೆ ಮುಂಚೆ ತಾನಾಗಿ ಸಿಡಿಯದಂತೆ ತಡೆಯುವ ಗುಣ ಅದು. ಶಕ್ತಿ ಹೆಚ್ಚಿಲ್ಲ. ಗಾಡಿಯ ಪುಸ್ತಕದಲ್ಲಿ ಕೇಳಿದ್ದರೆ ಹಾಕಿಸಬೇಕು, ಕೇಳದಿದ್ದರೆ ದುಡ್ಡು ದಂಡ. ಎಥನಾಲ್ ಬೆರೆಸಿದ್ದರ ಕಥೆ ಬೇರೆ: ಎಥನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಶಕ್ತಿ. ನೂರಕ್ಕೆ 10ರಷ್ಟು ಬೆರೆಸಿದರೆ ಮೈಲೇಜ್ ನೂರಕ್ಕೆ 3ರಷ್ಟು ಇಳಿಯುತ್ತದೆ. ಗಾಡಿಯಲ್ಲಿ ದೋಷವಿಲ್ಲದೆ ಮೈಲೇಜ್ ಸ್ವಲ್ಪ ಬಿದ್ದವರು ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಳೇಗಾಡಿ

ನ್ಯೂಟ್ರಲ್ ವಿಷಯ ನಾನು ಹೇಳ್ತೀನಿ, ಯಾಕಂದ್ರೆ ಅದು ದುಡ್ಡಿನ ಮಾತಿಗಿಂತ ಪ್ರಾಣದ ಮಾತು. ಇಂಜೆಕ್ಷನ್ ಎಂಜಿನ್ನಿಗೆ ಗೇರಲ್ಲಿ ಇಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ರೆ ಪೆಟ್ರೋಲ್ ಸಪ್ಲೈ ನಿಂತೇ ಹೋಗುತ್ತೆ, ಚಕ್ರವೇ ಎಂಜಿನ್ ತಿರುಗಿಸುತ್ತೆ. ನ್ಯೂಟ್ರಲ್ ಮಾಡಿದ್ರೆ ಎಂಜಿನ್ ಆರದೇ ಇರೋಕೆ ಪೆಟ್ರೋಲ್ ಬಿಡಲೇಬೇಕು. ಉದ್ದ ಇಳಿಜಾರಲ್ಲಿ ನ್ಯೂಟ್ರಲ್ಲೇ ಜಾಸ್ತಿ ಕುಡಿಯುತ್ತೆ! ಅದರ ಜೊತೆ ಎಂಜಿನ್ ಹಿಡಿತ ಇಲ್ಲದೆ ಬ್ರೇಕ್ ಒಂದೇ ಕಾಯ್ದು ಕಾಯ್ದು ಕೈಕೊಡುತ್ತೆ. ನಿಮ್ಮ ಹಿರಿಯರಿಗೆ ಕೈ ಮುಗಿದು ಹೇಳಿ.

ಉಳಿಸಬೇಕು ಅಂದ್ರೆ ಬಲಗಾಲಲ್ಲಿ ಉಳಿಸಿ. ದೂರದಲ್ಲಿ ಕೆಂಪು ಸಿಗ್ನಲ್ ಕಾಣ್ತಿದ್ರೂ ಅಲ್ಲಿವರೆಗೆ ಎಳೆದು ಗಕ್ಕನೆ ಬ್ರೇಕ್ ಹೊಡೆಯೋದೇ ದೊಡ್ಡ ಸೋರಿಕೆ. ಹೆದ್ದಾರಿಯಲ್ಲಿ ಗಾಳಿಯ ತಡೆ ವೇಗದ ವರ್ಗದ ಹಾಗೆ ಏರುತ್ತೆ, 80ರಿಂದ 100ಕ್ಕೆ ಹೋದ್ರೆ ಒಂದೂವರೆ ಪಟ್ಟಿಗಿಂತ ಜಾಸ್ತಿ. 1973ರ ತೈಲ ಬಿಕ್ಕಟ್ಟಿನ ಮೇಲೆ ಅಮೆರಿಕದವರು ದೇಶಕ್ಕೆಲ್ಲ ಗಂಟೆಗೆ 55 ಮೈಲಿ (ಸುಮಾರು 89 ಕಿಲೋಮೀಟರ್) ಮಿತಿ ಹಾಕಿದ್ದು ಸುಮ್ಮನೆ ಅಲ್ಲ. ಟ್ರಿಪ್ ಮುಗಿದ ಮೇಲೂ ಕಾರಿನ ಟಾಪ್ ಮೇಲೆ ಲಗೇಜ್ ಬಾಕ್ಸ್ ಇಟ್ಟುಕೊಂಡು ಓಡಾಡೋರಂತೂ ಗಾಳಿಗೆ ಪೆಟ್ರೋಲ್ ಸುರೀತಿದಾರೆ.

ಡಬಲ್‌ಡ್ಯೂಟಿ

ಅಣ್ಣ ಇದೆಲ್ಲ ಟೈಮ್ ಇರೋರಿಗೆ. ಮೆಲ್ಲಗೆ ಹೋದ್ರೆ ಲೇಟ್, ಲೇಟ್ ಆದ್ರೆ ರೇಟಿಂಗ್ ಬೀಳುತ್ತೆ, ರೇಟಿಂಗ್ ಬಿದ್ರೆ ಆರ್ಡರ್ ಕಡಿಮೆ. ಪೆಟ್ರೋಲ್ ಉಳಿಸೋಕೆ ಹೋಗಿ ಸಂಪಾದನೆ ಕಳ್ಕೊಳ್ಳೋದಾ?

ಹಳೇಗಾಡಿ

ನಿನ್ನ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ ತಮ್ಮಾ. ಚೈನಿಗೆ ಎಣ್ಣೆ ಬಿಡು, ಸಡಿಲ ಇದ್ರೆ ಬಿಗಿ ಮಾಡಿಸು, ಗಾಳಿ ನೋಡ್ಕೋ. ಇಷ್ಟಕ್ಕೆ ಸಮಯ ಹೋಗಲ್ಲ.

ದೂರದಾರಿ

ಡಬಲ್‌ಡ್ಯೂಟಿ ತಮ್ಮ, ನಿನ್ನ ಪ್ರಶ್ನೆ ಬಲಗಾಲಿಗೆ ಸೇರಿದ್ದೇ ಅಲ್ಲ, ನಿಮ್ಮ ಕಂಪನಿಗೆ ಸೇರಿದ್ದು. ದರಕ್ಕೆ ತಕ್ಕ ಹಾಗೆ ಕಿಲೋಮೀಟರ್ ರೇಟ್ ಪರಿಷ್ಕರಿಸಿ ಅಂತ ನೀವು ಹುಡುಗರೆಲ್ಲ ಸೇರಿ ಬರೆದು ಕೊಡಿ. ಲಾರಿ ಸಾಗಣೆಯಲ್ಲಿ ಡೀಸೆಲ್ ದರ ಏರಿದ್ರೆ ಬಾಡಿಗೆ ಏರಬೇಕು ಅಂತ ಕರಾರಲ್ಲೇ ಬರೆಸಿಕೊಳ್ಳೋದು ಇದೆಯಲ್ಲ, ಬೈಕಿನವರಿಗೆ ಯಾಕಿರಬಾರದು? ಬರೆಯೋಕೆ ಸಹಾಯ ಬೇಕಿದ್ರೆ ನಾನಿದೀನಿ, ನನ್ನ ಕೆಲಸವೇ ಅದು.

ನಾನೂ ಆಫೀಸಲ್ಲಿ ಕೇಳಿದೆ, ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ ಮಾಡ್ತೀನಿ ಅಂತ. "ನೋಡೋಣ" ಅಂದಿದಾರೆ. ಅಷ್ಟರಲ್ಲಿ ಪಕ್ಕದ ಬೀದಿಯ ಒಬ್ಬರು ಅದೇ ದಾರೀಲಿ ಹೋಗ್ತಾರೆ ಅಂತ ಗೊತ್ತಾಯ್ತು. ಒಂದು ವಾರ ಅವರ ಕಾರು, ಒಂದು ವಾರ ನಮ್ಮದು ಅಂತ ಮಾತಾಗಿದೆ. ಅವರು ದಾರಿಯುದ್ದಕ್ಕೂ ಫೋನಲ್ಲಿ ಮಾತಾಡ್ತಾರೆ, ಅದೊಂದು ಬೇರೆ ದರ.

ಹಳೇಗಾಡಿ ಅವರೆ, ಕೊನೇ ಪ್ರಶ್ನೆ. ಗಾಳಿ ಎಷ್ಟು ಹೊಡೆಸಬೇಕು ಅಂತ ಟೈರಿನ ಮೇಲೆಯೇ ಒಂದು ನಂಬರ್ ಇದೆ. ಅದೇ ತಾನೇ?

ಹಳೇಗಾಡಿ

ಅದಲ್ಲ ಅಕ್ಕ. ಟೈರಿನ ಮೇಲಿರೋದು ಗರಿಷ್ಠ ಮಿತಿ, ಅಷ್ಟು ಹೊಡೆಸಿದ್ರೆ ಹಿಡಿತ ಕಡಿಮೆ ಆಗುತ್ತೆ. ಡ್ರೈವರ್ ಬಾಗಿಲು ತೆಗೆದ್ರೆ ಪಕ್ಕದ ಕಂಬದ ಮೇಲೆ ಸ್ಟಿಕರ್ ಇರುತ್ತೆ, ಕೆಲವು ಗಾಡಿಯಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ. ಅದರಲ್ಲಿ ಮುಂದೆ ಇಷ್ಟು, ಹಿಂದೆ ಇಷ್ಟು, ಪೂರ್ತಿ ಲೋಡ್ ಇದ್ರೆ ಇಷ್ಟು ಅಂತ ಬರೆದಿರುತ್ತೆ. ಟೈರ್ ತಣ್ಣಗಿರುವಾಗ ನೋಡಿ. ದೂರ ಓಡಿಸಿಕೊಂಡು ಬಂದು ಅಳೆದ್ರೆ ಜಾಸ್ತಿ ತೋರಿಸುತ್ತೆ. ಸ್ಟೆಪ್ನಿಗೂ ಹೊಡೆಸಿಬಿಡಿ, ಅದನ್ನ ಎಲ್ಲರೂ ಮರೀತಾರೆ.